ಮೈಕ್ ತುಟಿಗೆ ಅಂಟಿಸಿಕೊಂಡರೆ ಟೈಪಿಂಗ್ ತಪ್ಪಿಲ್ಲದೆ ಬರುತ್ತಾ?

"ಮೈಕನ್ನು ತುಟಿಯ ಎದುರಿಗೇ ಹಿಡಿದು ಜೋರಾಗಿ ಮಾತಾಡಿ, ಒಂದೂ ತಪ್ಪಿಲ್ಲದೆ ಟೈಪ್ ಆಗುತ್ತೆ" ಎಂಬ ಸಂದೇಶ ವಾಯ್ಸ್ ಟೈಪಿಂಗ್ (ಹೇಳಿದ ಮಾತನ್ನು ಸಾಫ್ಟ್‌ವೇರ್ ಬರೆದುಕೊಡುವುದು) ಬಗ್ಗೆ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಇದು ಅರ್ಧ ನಿಜ. ಮೈಕ್ ಹತ್ತಿರ ಇರಬೇಕು, ಆದರೆ ಬಾಯಿಗೆ ನೇರ ಎದುರಿಗೆ ಬೇಡ.

ಅಂಗೈಯನ್ನು ತುಟಿಯ ಮುಂದೆ ಹಿಡಿದು 'ಪಾಪ', 'ಫಲಕ', 'ಭಾಷೆ' ಎಂದು ಹೇಳಿ ನೋಡಿ. ಗಾಳಿ ಬಡಿಯುತ್ತೆ, ಅಲ್ವಾ? ಅದೇ ಗಾಳಿ ಮೈಕಿನೊಳಗಿನ ತೆಳು ಪೊರೆಗೆ ಬಡಿದರೆ 'ದಪ್' ಎಂಬ ಸದ್ದು ಏಳುತ್ತದೆ. ಅಕ್ಷರ ಅದರಡಿ ಮುಚ್ಚಿಹೋಗುತ್ತದೆ, ಸಾಫ್ಟ್‌ವೇರ್ ಏನೋ ಒಂದು ಊಹಿಸಿ ಬರೆಯುತ್ತದೆ. ಈಗ ಅಂಗೈಯನ್ನು ಕಟಬಾಯಿಯ ಪಕ್ಕಕ್ಕೆ ಸರಿಸಿ. ಗಾಳಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೆಡ್‌ಸೆಟ್ ಮೈಕ್ ಇರಬೇಕಾದ ಜಾಗ ಅದೇ: ಕಟಬಾಯಿಯ ಪಕ್ಕ, ಸುಮಾರು 2–3 ಸೆಂ.ಮೀ. ದೂರ. ಮೂಗಿನ ಉಸಿರೂ ಅಲ್ಲಿಗೆ ತಾಗುವುದಿಲ್ಲ. ಗಡ್ಡ ಇರುವವರು ಮೈಕ್ ಉಜ್ಜದ ಹಾಗೆ ನೋಡಿಕೊಳ್ಳಿ, ಆ ಕರಕರ ಸದ್ದೂ ಕಾಟವೇ.

ಹಾಗಂತ ಜಾಸ್ತಿ ದೂರ ಇಟ್ಟರೂ ಕಷ್ಟ. ದೂರ ಎರಡು ಪಟ್ಟಾದರೆ ಮೈಕಿಗೆ ಸಿಗುವ ಮಾತಿನ ಮಟ್ಟ ಸುಮಾರು 6 ಡೆಸಿಬಲ್ (ಸದ್ದಿನ ಮಟ್ಟ ಅಳೆಯುವ ಮಾನ) ಇಳಿಯುತ್ತದೆ, ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ.

ಇನ್ನು ಕೂಗುವ ವಿಚಾರ. ಸುಮ್ನೆ ಗಂಟಲು ನೋವು, ಅಷ್ಟೇ. ಮೈಕ್ ತಡೆಯುವ ಮಟ್ಟ ಮೀರಿದರೆ ಅದರಲ್ಲಿ ದಾಖಲಾಗುವ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡುವುದು ಕಷ್ಟ. ಎದುರಿಗೆ ಕೂತವರ ಜೊತೆ ಮಾತಾಡುವ ಧ್ವನಿ ಸಾಕು. ಕಮ್ಮಿ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಮೈಕಿನ ಮಟ್ಟ ಏರಿಸಿ.