ತಡೆದ ಔಷಧಿ, ತಡೆಯದ ನಕಲಿ

2008ರ ಡಿಸೆಂಬರಿನಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ 570 ಕಿಲೋ ಲೊಸಾರ್ಟನ್ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡಿತು. ಬಿಪಿ ಮಾತ್ರೆ ಮಾಡಲು ಬಳಸುವ ಔಷಧಿ ಅದು. ಡಾ. ರೆಡ್ಡೀಸ್ ತಯಾರಿಸಿದ್ದು. ಅದಕ್ಕೆ ಭಾರತದಲ್ಲಿ ಪೇಟೆಂಟ್ ಇರಲಿಲ್ಲ, ಬ್ರೆಜಿಲ್‌ನಲ್ಲೂ ಇರಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಇತ್ತು. ಆದರೆ ಮಾಲು ಅಲ್ಲಿ ಮಾರಾಟಕ್ಕೆ ಬಂದದ್ದಲ್ಲವಲ್ಲ. ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕಿತ್ತು, ಅಷ್ಟೇ. ಹಕ್ಕುದಾರ ಕಂಪನಿ ದೂರು ಕೊಟ್ಟಿತು, ಕಸ್ಟಮ್ಸ್‌ನವರು 36 ದಿನ ತಡೆಹಿಡಿದರು. ಕೊನೆಗೆ ಮಾಲು ಬ್ರೆಜಿಲ್ ಮುಟ್ಟಲೇ ಇಲ್ಲ. ಭಾರತಕ್ಕೆ ವಾಪಸಾಯಿತು.

ನಾನೀಗ ಇರುವುದು ಇದೇ ನೆದರ್‌ಲ್ಯಾಂಡ್ಸ್‌ನಲ್ಲಿ. ಇಲ್ಲಿನ ಕಸ್ಟಮ್ಸ್ ಬಗ್ಗೆ ನನಗೆ ಗೌರವವಿದೆ, ಅದಕ್ಕೆ ಕಾರಣವನ್ನೂ ಮುಂದೆ ಹೇಳುತ್ತೇನೆ. ಆದರೆ 'ಯುರೋಪಿನ ಹಾಗೆ ನಮ್ಮಲ್ಲೂ ಗಡಿಯಲ್ಲಿ ಕಟ್ಟುನಿಟ್ಟು ಬರಬೇಕು' ಅಂತ ಊರಿನ ಗೆಳೆಯರು ಹೇಳಿದಾಗಲೆಲ್ಲ ನನಗೆ ಈ ಲೊಸಾರ್ಟನ್ ನೆನಪಾಗುತ್ತದೆ. ಯಾವುದರಲ್ಲಿ ಕಟ್ಟುನಿಟ್ಟು ಅನ್ನುವುದು ಮುಖ್ಯ. ನಕಲಿ ಲೋಗೋ, ಕದ್ದು ಅಚ್ಚು ಹಾಕಿದ ಪುಸ್ತಕ, ಇವನ್ನು ಪೆಟ್ಟಿಗೆ ತೆರೆದು ನೋಡಿ ಕಂಡುಹಿಡಿಯಬಹುದು. ಪೇಟೆಂಟ್ ಹಾಗಲ್ಲ. ಅದು ಸಿಂಧುವೋ ಅಲ್ಲವೋ, ಈ ಮಾಲು ಅದನ್ನು ಉಲ್ಲಂಘಿಸುತ್ತದೋ ಇಲ್ಲವೋ ಅಂತ ಹೇಳಲು ತಜ್ಞರಿಗೇ ವರ್ಷಗಳು ಬೇಕಾಗುತ್ತವೆ. ಅದನ್ನು ಗೋದಾಮಿನಲ್ಲಿ ನಿಂತ ಅಧಿಕಾರಿಯ ಹೆಗಲಿಗೆ ಹೊರಿಸಬಾರದು.

ಆಗ ಇಲ್ಲಿ ಒಂದು ವಿಚಿತ್ರ ವಾದ ನಡೆಯುತ್ತಿತ್ತು. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ನಿಂತ ಮಾಲನ್ನು ಇಲ್ಲೇ ತಯಾರಾದ ಮಾಲು ಅಂತ ಭಾವಿಸಿಕೊಳ್ಳಬೇಕಂತೆ! ಹಾಗೆ ಭಾವಿಸಿದರೆ ಇಲ್ಲಿನ ಪೇಟೆಂಟ್ ತಾನಾಗಿ ಅನ್ವಯಿಸುತ್ತದೆ ಅನ್ನುವುದು ಲೆಕ್ಕ. 2009ರಲ್ಲಿ ನೈಜೀರಿಯಾಕ್ಕೆ ಹೊರಟಿದ್ದ ಏಡ್ಸ್ ಔಷಧಿ ಅಬಾಕವಿರ್ ಕೂಡ ಸ್ಕಿಪೋಲ್‌ನಲ್ಲೇ ನಿಂತಿತು. ಅದೂ ಭಾರತದಲ್ಲಿ ತಯಾರಾದದ್ದೇ.

ಅದೇ ವರ್ಷದ ಮೇ ತಿಂಗಳಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದದ್ದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಭಾರತದಿಂದ ವನುವಾಟು ಎಂಬ ಪುಟ್ಟ ದ್ವೀಪ ದೇಶಕ್ಕೆ ಅಮಾಕ್ಸಿಸಿಲಿನ್ ಮಾತ್ರೆ ಹೋಗುತ್ತಿತ್ತು. ಫ್ರಾಂಕ್‌ಫರ್ಟ್‌ನ ಅಧಿಕಾರಿಗಳಿಗೆ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಅನುಮಾನ ಬಂತು. 'ಅಮಾಕ್ಸಿಲ್' ಅಂತ ಒಂದು ಬ್ರ್ಯಾಂಡ್ ಇದೆಯಲ್ಲ, ಇದು ಅದರ ನಕಲಿರಬಹುದು ಅಂತ! ಅಮಾಕ್ಸಿಸಿಲಿನ್ ಅನ್ನುವುದು ಆ ಔಷಧಿಗೆ ಪ್ರಪಂಚವೆಲ್ಲ ಒಪ್ಪಿಕೊಂಡಿರುವ ಹೆಸರು. ಯಾವ ಕಂಪನಿ ಮಾಡಿದರೂ ಪೊಟ್ಟಣದ ಮೇಲೆ ಅದನ್ನೇ ಬರೆಯಬೇಕು. ಕೊನೆಗೆ ಅಮಾಕ್ಸಿಲ್‌ನ ಒಡೆಯರಾದ ಗ್ಲಾಕ್ಸೋದವರೇ 'ಇದರಲ್ಲಿ ನಮ್ಮ ಹಕ್ಕಿಗೆ ಧಕ್ಕೆಯೇನೂ ಆಗಿಲ್ಲ' ಅಂದ ಮೇಲೆ ಮಾಲು ಬಿಟ್ಟರು. ಅಷ್ಟು ಹೊತ್ತಿಗೆ ವಾರಗಳೇ ಕಳೆದಿದ್ದವು. ಆ ದ್ವೀಪದಲ್ಲಿ ಜ್ವರ, ಕೆಮ್ಮು ಅಂತ ಆಸ್ಪತ್ರೆಗೆ ಬಂದ ಮಕ್ಕಳಿಗೆ ಬೇಕಿದ್ದ ಆಂಟಿಬಯಾಟಿಕ್ ಅದು.

2010ರ ಮೇನಲ್ಲಿ ಭಾರತ ಮತ್ತು ಬ್ರೆಜಿಲ್ ಈ ವಿಷಯವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಒಯ್ದವು. ಅದು ಒಳ್ಳೆಯದೇ ಆಯಿತು. 2011ರ ಡಿಸೆಂಬರ್ 1ರಂದು ಯುರೋಪಿಯನ್ ಒಕ್ಕೂಟದ ಕೋರ್ಟ್ ಕೂಡ ಫಿಲಿಪ್ಸ್ ಮತ್ತು ನೋಕಿಯಾ ಪ್ರಕರಣದಲ್ಲಿ ದಾರಿ ಸರಿಮಾಡಿತು. ಮಾಲು ಒಕ್ಕೂಟದ ನೆಲದಲ್ಲಿ ನಿಂತಿದೆ ಅನ್ನುವುದೊಂದೇ ಕಾರಣಕ್ಕೆ ಅದನ್ನು ನಕಲಿ ಅನ್ನುವ ಹಾಗಿಲ್ಲ, ಇಲ್ಲಿ ಮಾರಲು ಬಂದದ್ದು ಅನ್ನುವುದಕ್ಕೆ ಆಧಾರ ಬೇಕು ಅಂತ ಹೇಳಿತು. ಆದರೂ ಈಗಿನ ಕಾನೂನಾದ 2013ರ 608ನೇ ನಿಯಮದಲ್ಲಿ ಪೇಟೆಂಟ್ ಇನ್ನೂ ಕಸ್ಟಮ್ಸ್ ಕೈಯಲ್ಲೇ ಇದೆ.

ನಮ್ಮಲ್ಲೂ ಮೊದಲು ಹಾಗೇ ಇತ್ತು. ಭಾರತದ ಆಮದು ಮಾಲಿನ ಬೌದ್ಧಿಕ ಆಸ್ತಿ ನಿಯಮಗಳು ಬಂದದ್ದು 2007ರಲ್ಲಿ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ನಮ್ಮಿಂದ ಕೇಳಿದ್ದು ನಕಲಿ ಟ್ರೇಡ್‌ಮಾರ್ಕ್ ಮತ್ತು ಕಾಪಿರೈಟ್ ಕಳ್ಳತನದ ಮಾಲು ತಡೆಯಿರಿ ಅಂತ. ನಾವು ಅದರಾಚೆ ಹೋಗಿ ಪೇಟೆಂಟನ್ನೂ ಸೇರಿಸಿದೆವು. ಪರಿಣಾಮ ಬೇಗನೆ ಕಾಣಿಸಿತು. ಒಂದೇ ಫೋನಿನಲ್ಲಿ ಎರಡು ಸಿಮ್ ಹಾಕುವುದಕ್ಕೆ ಮದುರೈಯ ಒಬ್ಬರಿಗೆ ಪೇಟೆಂಟ್ ಸಿಕ್ಕಿತ್ತು. ಅವರು ಅದನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಿದರು. 2009ರಲ್ಲಿ ಎರಡು ಸಿಮ್ಮಿನ ಫೋನುಗಳು ಬಂದರುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ನಿಲ್ಲತೊಡಗಿದವು. 2012ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಆ ಪೇಟೆಂಟನ್ನೇ ರದ್ದು ಮಾಡಿತು. ಯೋಚಿಸಿ, ನಿಲ್ಲದ ಪೇಟೆಂಟ್ ಒಂದಕ್ಕೋಸ್ಕರ ಆಮದುದಾರರು ಎಷ್ಟು ಅಲೆದಿರಬೇಕು!

2018ರ ಜೂನ್‌ನಲ್ಲಿ ಭಾರತ ತಿದ್ದುಪಡಿ ತಂದು ಪೇಟೆಂಟನ್ನು ಈ ನಿಯಮಗಳಿಂದ ಕೈಬಿಟ್ಟಿತು. ಹಕ್ಕುದಾರರು ಕೋರ್ಟಿಗೆ ಹೋಗಬಹುದು, ಅಲ್ಲಿಂದ ತಡೆಯಾಜ್ಞೆ ತರಬಹುದು. ಈ ವಿಷಯದಲ್ಲಿ ನಮ್ಮ ದಾರಿಯೇ ಸರಿ ಅಂತ ನಾನು ಇಲ್ಲಿನ ಸಹೋದ್ಯೋಗಿಗಳ ಎದುರೂ ಹೇಳುತ್ತೇನೆ. ಮುಂದೆ ಯಾವ ವ್ಯಾಪಾರ ಒಪ್ಪಂದಕ್ಕೂ ಇದನ್ನು ಬಿಟ್ಟುಕೊಡಬಾರದು. ಅಗ್ಗದ ಔಷಧಿಯನ್ನು ಪ್ರಪಂಚಕ್ಕೆ ಕಳಿಸುವ ದೇಶ ನಮ್ಮದು. ಬೇರೆಯವರ ಗಡಿಯಲ್ಲಿ ಅನುಭವಿಸಿದ ಕಷ್ಟವನ್ನು ನಮ್ಮ ಗಡಿಯಲ್ಲಿ ಇನ್ನೊಬ್ಬರಿಗೆ ಕೊಡುವುದು ಯಾಕೆ?

ಇನ್ನು ಇಲ್ಲಿನವರಿಂದ ಕಲಿಯಬೇಕಾದದ್ದು. ನಕಲಿ ಮಾಲು ಈಗ ಬರೀ ಕಂಟೈನರ್‌ನಲ್ಲಿ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ ಒಂದು ಶೂ, ಒಂದು ಚಾರ್ಜರ್ ಅಂತ ಚಿಕ್ಕ ಪಾರ್ಸೆಲ್‌ಗಳಲ್ಲಿ ಬರುತ್ತದೆ. ಡೆನ್ಮಾರ್ಕಿನ ಒಬ್ಬರು ಚೀನಾದಿಂದ ಆನ್‌ಲೈನ್‌ನಲ್ಲಿ ರೋಲೆಕ್ಸ್ ಹೆಸರಿನ ವಾಚ್ ತರಿಸಿದ್ದರು. ಕಸ್ಟಮ್ಸ್ ತಡೆಯಿತು. ನನ್ನ ಸ್ವಂತಕ್ಕೆ ತಾನೇ ಅಂತ ಅವರ ವಾದ. 2014ರ ಫೆಬ್ರವರಿಯಲ್ಲಿ ಒಕ್ಕೂಟದ ಕೋರ್ಟ್, ಕೊಂಡವರು ಸ್ವಂತಕ್ಕೆ ಕೊಂಡರೂ ಮಾರಿದವನು ವ್ಯಾಪಾರಿಯೇ ಅಲ್ವಾ, ಮಾಲು ತಡೆದದ್ದು ಸರಿ ಅಂದಿತು. ಮೂರು ವಸ್ತುವಿನವರೆಗಿನ ಅಥವಾ 2 ಕಿಲೋ ಒಳಗಿನ ಪಾರ್ಸೆಲ್‌ಗೆ ಇಲ್ಲಿ ಬೇರೆಯೇ ಸರಳ ವಿಧಾನವಿದೆ. ತರಿಸಿಕೊಂಡವರಿಗೆ ಒಂದು ಪತ್ರ ಬರುತ್ತದೆ. 10 ಕೆಲಸದ ದಿನಗಳೊಳಗೆ ಅವರು ತಕರಾರು ತೆಗೆಯದಿದ್ದರೆ ಒಪ್ಪಿದರು ಅಂತಲೇ ತಿಳಿದು ವಸ್ತುವನ್ನು ನಾಶ ಮಾಡುತ್ತಾರೆ. ಕೋರ್ಟು, ಕೇಸು ಏನೂ ಇಲ್ಲ.

ಭಾರತದ ನಿಯಮದಲ್ಲಿ ಸ್ವಂತ ಬಳಕೆಯ ಸಣ್ಣ ಪಾರ್ಸೆಲ್‌ಗೆ ವಿನಾಯಿತಿ ಇದೆ. ಪ್ರಯಾಣಿಕರ ಚೀಲದ ಮಟ್ಟಿಗೆ ಅದು ಇರಲಿ, ಇಲ್ಲೂ ಇದೆ. ಆದರೆ ವ್ಯಾಪಾರಿಯೊಬ್ಬ ಸಾವಿರಾರು ಪಾರ್ಸೆಲ್‌ಗಳಲ್ಲಿ ಹಂಚಿ ಕಳಿಸಿದರೆ ಅದನ್ನೂ ಸ್ವಂತ ಬಳಕೆ ಅಂತ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕಳಪೆ ಚಾರ್ಜರ್ ಬಿಸಿಯಾಗಿ ಬೆಂಕಿ ಹತ್ತಿದರೆ ಸುಡುವುದು ಕೊಂಡವರ ಮನೆಯೇ.

ಇನ್ನೊಂದು ವಿಷಯ ಖರ್ಚಿನದು. ಯುರೋಪಿನಲ್ಲಿ ನಕಲಿ ಮಾಲು ತಡೆಯಿರಿ ಅಂತ ಹಕ್ಕುದಾರರು ಕಸ್ಟಮ್ಸ್‌ಗೆ ಅರ್ಜಿ ಹಾಕಲು ಶುಲ್ಕವಿಲ್ಲ, ತಪ್ಪಾದರೆ ಹೊಣೆ ನಮ್ಮದು ಅಂತ ಮುಚ್ಚಳಿಕೆ ಬರೆದುಕೊಟ್ಟರೆ ಆಯಿತು. ಭಾರತದಲ್ಲಿ 2,000 ರೂಪಾಯಿ ಶುಲ್ಕ, ಅದು ದೊಡ್ಡದಲ್ಲ. ಆದರೆ ಮೇಲೆ ಬಾಂಡ್, ಜಾಮೀನು, ಭದ್ರತೆ. ಸುಳ್ಳು ದೂರು ತಡೆಯಲು ಇದು ಬೇಕು, ದೊಡ್ಡ ಕಂಪನಿಗಳಿಗೆ ಭಾರವೂ ಅಲ್ಲ. ಆದರೆ ಇದೇ ನಿಯಮದಡಿ ಜಿಐ ಹಕ್ಕೂ, ಅಂದರೆ ಒಂದು ಊರಿನ ವಿಶಿಷ್ಟ ಉತ್ಪನ್ನದ ಹೆಸರಿನ ಮೇಲಿನ ಹಕ್ಕೂ, ಬರುತ್ತದೆ. ಚನ್ನಪಟ್ಟಣದ ಗೊಂಬೆಗೆ ಜಿಐ ಇದೆ. ನಾಳೆ ಅದೇ ಹೆಸರು ಅಂಟಿಸಿದ ಗೊಂಬೆಗಳ ಕಂಟೈನರ್ ಒಂದು ಬಂದರಿಗೆ ಬಂದರೆ, ಅರಗು ಹಚ್ಚುವ ಕುಶಲಕರ್ಮಿಗಳ ಸಂಘ ಕಂಟೈನರ್ ಬೆಲೆಗೆ ತಕ್ಕ ಬಾಂಡ್ ಎಲ್ಲಿಂದ ತರಬೇಕು? ಜಿಐ ಸಂಘಗಳ ಮಟ್ಟಿಗಾದರೂ ಮುಚ್ಚಳಿಕೆಯೇ ಸಾಕು ಅಂತ ನಿಯಮ ತಿದ್ದಬೇಕು. ಉಳಿದ ಭದ್ರತೆಯನ್ನು ರಾಜ್ಯ ಸರ್ಕಾರವೇ ಹೊರಲಿ.