ರುಚಿಗೆ ಬೇಕು, ಮಾತಿಗೆ ಯಾಕೆ ಬೇಡ?

ಬ್ಯಾಂಕಾಕಿನ ನಮ್ಮ ಓಣಿಯ ತುದಿಯಲ್ಲಿ ಒಂದು ಸೋಮ್ ತಮ್ (ಹಸಿ ಪಪ್ಪಾಯದ ಖಾರದ ಕೋಸಂಬರಿ) ಗಾಡಿ ಇದೆ. ಅಕ್ಕ ಒಬ್ಬರು ಮಣ್ಣಿನ ಒರಳಲ್ಲಿ ಹಸಿ ಪಪ್ಪಾಯ, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಟಕ್ ಟಕ್ ಅಂತ ಕುಟ್ಟುತ್ತಾರೆ. ಗಿರಾಕಿ ಬಂದರೆ ಮಾತಿನ ಕೊನೆಗೆ ‘ಖಾ’ ಸೇರಿಸಿ ಮರ್ಯಾದೆಯ ಬ್ಯಾಂಕಾಕ್ ಥಾಯ್. ಊರಿಂದ ಫೋನ್ ಬಂದರೆ ದನಿಯೇ ಬೇರೆ. ‘ಕಿನ್ ಖಾವ್ ಲ್ಯಾವ್ ಬೊ?’ ಊಟ ಆಯ್ತಾ ಅಂತ. ಮೊದಲ ಸಲ ಅದು ಕಿವಿಗೆ ಬಿದ್ದಾಗ ಧಾರವಾಡದಿಂದ ನನ್ನ ಅವ್ವ ‘ಊಟಾ ಆತೇನಪಾ?’ ಅಂತ ಕೇಳಿದ ಹಾಗೇ ಆಯಿತು.

ಅಕ್ಕನ ಊರು ಉದೋನ್ ಥಾನಿ. ಅದು ಥಾಯ್ಲೆಂಡಿನ ಈಶಾನ್ಯ ಭಾಗದ ಈಸಾನ್ ಸೀಮೆಯಲ್ಲಿದೆ, ಆ ಸೀಮೆಯಲ್ಲಿ ಒಟ್ಟು 20 ಪ್ರಾಂತ್ಯಗಳು. ಈಸಾನ್ ಅನ್ನುವ ಹೆಸರು ನಮ್ಮ ‘ಈಶಾನ್ಯ’ದ ನೆಂಟನೇ. ಅಲ್ಲಿನ ಮಾತು ಲಾವೋಸಿನ ಭಾಷೆಗೆ ತುಂಬಾ ಹತ್ತಿರ. ಮನೆಯೊಳಗೆ ಅದನ್ನು ‘ಲಾವ್’ ಅಂತಲೇ ಕರೆಯುತ್ತಾರೆ.

ಊಟ ರುಚಿಯಾಗಿದೆ ಅನ್ನಲು ಬ್ಯಾಂಕಾಕಿನಲ್ಲಿ ‘ಅರೋಯ್’. ಈಸಾನಿನಲ್ಲಿ ‘ಸ್ಯಾಪ್’. ಉತ್ತರದ ಚಿಯಾಂಗ್ ಮಾಯಿ ಕಡೆ ‘ಲಮ್’. ದಕ್ಷಿಣಕ್ಕೆ ಹೋದರೆ ಅರೋಯ್‌ನ ತಲೆ ಹಾರಿ ಬರೀ ‘ರೋಯ್’. ದಕ್ಷಿಣದವರ ಮಾತು ಓಟದ ಮಾತು. ಸಂತೆಗೆ ಬ್ಯಾಂಕಾಕಿನವರು ‘ತಲಾತ್’ ಅಂದರೆ ಇವರು ‘ಲಾತ್’ ಅಂದು ಮುಗಿಸುತ್ತಾರೆ. ನಮ್ಮ ಕುಂದಾಪುರದವರು ‘ಹೋಗಿ ಬರ್ತೇನೆ’ಯನ್ನು ‘ಹೋಯ್ ಬತ್ತೆ’ ಮಾಡಿಕೊಂಡ ಹಾಗೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆನೆ. ಬ್ಯಾಂಕಾಕಿನ ಆನೆ ‘ಛಾಂಗ್’, ಚಿಯಾಂಗ್ ಮಾಯಿಯ ಆನೆ ‘ಚಾಂಗ್’, ಈಸಾನಿನ ಆನೆ ‘ಸಾಂಗ್’. ಇಂಗ್ಲಿಷ್ ಅಕ್ಷರದಲ್ಲಿ ಮೊದಲೆರಡರ ವ್ಯತ್ಯಾಸ ತೋರಿಸಲು ಒದ್ದಾಡಬೇಕು, ನಮ್ಮ ಚ-ಛ ಸಲೀಸಾಗಿ ತೋರಿಸುತ್ತವೆ. ಹಾಗೇ ಪ್ರೀತಿಗೆ ಬ್ಯಾಂಕಾಕಿನಲ್ಲಿ ‘ರಕ್’, ಉತ್ತರದಲ್ಲೂ ಈಸಾನಿನಲ್ಲೂ ‘ಹಕ್’. ನಮ್ಮಲ್ಲಿ ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು. ಅದನ್ನು ಯಾರಾದರೂ ತಪ್ಪು ಅಂತೀವಾ?

ಆದರೆ ಈಸಾನಿನ ‘ಹ’ಕಾರವನ್ನು ಹಳ್ಳಿಗರ ಉಚ್ಚಾರ ಅಂತ ನೋಡುವವರು ಇಲ್ಲಿದ್ದಾರೆ. ನನಗೆ ನೋವಾಗುವುದು ಇಲ್ಲೇ. ‘ಸ್ಯಾಪ್’ ಅನ್ನುವ ಪದ ಇಂದು ದೊಡ್ಡ ಮಾಲ್‌ಗಳ ಹೋಟೆಲ್ ಬೋರ್ಡಿನ ಮೇಲೂ ಇದೆ, ಎಲ್ಲರ ಬಾಯಲ್ಲೂ ಇದೆ. ಅದೇ ಮಾತನ್ನು ಆಡುವ ಹುಡುಗಿ ಆಫೀಸಿನ ಮೀಟಿಂಗಿನಲ್ಲಿ ಅದನ್ನು ಮುಚ್ಚಿಡುತ್ತಾಳೆ. ಟಿವಿ ಧಾರಾವಾಹಿಗಳಲ್ಲಿ ಎಷ್ಟೋ ಸಲ ಮನೆಗೆಲಸದವಳ ಬಾಯಿಗೇ ಈಸಾನ್ ಮಾತು ಕೊಡುತ್ತಾರೆ. ಇದಕ್ಕೆ ಹಳೆಯ ಬೇರಿದೆ. ಫಿಬೂನ್ ಸೊಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ, 1939ರಲ್ಲಿ, ಜನರನ್ನು ಸೀಮೆಯ ಹೆಸರಿಂದ ಕರೆಯಬಾರದು, ಎಲ್ಲರೂ ಬರೀ ‘ಥಾಯ್’ ಅನ್ನಬೇಕು ಅಂತ ಸರ್ಕಾರಿ ಆದೇಶ ಬಂತು. ಶಾಲೆಯಲ್ಲಿ ಕಲಿಸುವುದೂ ಬ್ಯಾಂಕಾಕ್ ಸುತ್ತಲಿನ ಥಾಯ್ ಆಯಿತು.

ನಾವೇನು ಕಮ್ಮಿ? ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸದಲ್ಲಿ ‘ಹೊಂಟೀನ್ರಿ’ ಅಂದಾಗ ‘ಸ್ವಲ್ಪ ಸರಿಯಾಗಿ ಕನ್ನಡ ಮಾತಾಡಿ’ ಅಂದಿದ್ದರು. ಮಧ್ಯಾಹ್ನ ಅವರೇ ನನ್ನ ಡಬ್ಬಿಯ ಜೋಳದ ರೊಟ್ಟಿ, ಎಣಗಾಯಿ ಚಪ್ಪರಿಸಿ ತಿಂದರು. ನಾನೂ ಆರು ತಿಂಗಳಲ್ಲಿ ‘ಹೊರಟೆ’ ಅನ್ನಲು ಕಲಿತೆ. ಈಗ ಅದಕ್ಕೆ ಬೇಜಾರಾಗುತ್ತದೆ. ಊರಿನ ಊಟ ಬೇಕು ಅಂದಮೇಲೆ ಊರಿನ ಮಾತೂ ಬೇಕು. ಅದು ಆಫೀಸಿಗೂ ಬರಬೇಕು, ಶಾಲೆಗೂ ಬರಬೇಕು.

ಮೊನ್ನೆ ಅಕ್ಕನಿಗೆ ‘ಸ್ಯಾಪ್ ಲಾಯ್’ ಅಂದೆ, ಬಹಳ ರುಚಿ ಅಂತ. ಒನಕೆ ನಿಂತಿತು. ‘ವಾವ್ ಲಾವ್ ಪೆನ್ ಬೊ?’ ಲಾವ್ ಮಾತಾಡೋಕೆ ಬರುತ್ತಾ ಅಂತ ಕೇಳಿದರು. ಮುಖ ಅರಳಿತ್ತು. ಪಕ್ಕದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಅವರ ಮಗ ಹೋಮ್‌ವರ್ಕ್ ಬರೆಯುತ್ತಿದ್ದ. ಅಮ್ಮ ಈಸಾನಿನಲ್ಲಿ ಏನೋ ಕೇಳಿದರು, ಅವನು ತಲೆ ಎತ್ತದೆ ಬ್ಯಾಂಕಾಕ್ ಥಾಯ್‌ನಲ್ಲಿ ಉತ್ತರ ಕೊಟ್ಟ. ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: ‘ಇವನು ಹೇಳೋದೆಲ್ಲ ಅಜ್ಜಿಗೆ ಗೊತ್ತಾಗುತ್ತೆ. ಅಜ್ಜಿ ಹೇಳೋದು ಇವನಿಗೆ ಅರ್ಧಾನೇ.’