ಹಾಜರಿ ಲೆಕ್ಕದಲ್ಲಿ ಇಲ್ಲದ ಸಿಸ್ಟರ್

ಯುರೋಪಿನ ರಸ್ತೆಗಳಲ್ಲಿ ಸಿಮೆಂಟ್ ಮೂಟೆ ಹೇರಿಕೊಂಡು ಹೋಗುವ ಲಾರಿಯ ಚಾಲಕನು ನಾಲ್ಕೂವರೆ ಗಂಟೆ ಗಾಡಿ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಹೆಚ್ಚೆಂದರೆ ಎರಡು ದಿನ ಹತ್ತು ಗಂಟೆ, ಅಷ್ಟಕ್ಕೇ ಅವನ ಚಾಲನೆ ಮುಗಿಯಬೇಕು. ಈ ವಿಷಯದಲ್ಲಿ ಅವನ ಮಾತನ್ನೂ ನಂಬುವುದಿಲ್ಲ, ಅವನ ಯಜಮಾನನ ಮಾತನ್ನೂ ನಂಬುವುದಿಲ್ಲ. ಟ್ಯಾಕೋಗ್ರಾಫ್ ಎಂಬ ಯಂತ್ರ ಗಾಡಿಯಲ್ಲೇ ಕುಳಿತು ಪ್ರತಿ ನಿಮಿಷದ ಲೆಕ್ಕ ಬರೆಯುತ್ತದೆ. ದಣಿದ ಮನುಷ್ಯನ ಕೈಗೆ ಸಿಮೆಂಟನ್ನು ಒಪ್ಪಿಸಬಾರದೆಂಬ ಈ ವಿವೇಕ ಮೆಚ್ಚತಕ್ಕದ್ದೇ. ಅದೇ ವಿವೇಕವಂತ ಮನುಷ್ಯಕುಲವು ವೆಂಟಿಲೇಟರಿನ ಮೇಲಿರುವ ರೋಗಿಯನ್ನು ಹದಿನಾರನೆಯ ಗಂಟೆಗೆ ಕಾಲಿಟ್ಟಿರುವ ಶುಶ್ರೂಷಕಿಯ ಕೈಗೊಪ್ಪಿಸಿ, ಅವಳ ಸೇವಾಮನೋಭಾವವನ್ನು ನಾಲ್ಕು ಮಾತಿನಲ್ಲಿ ಹೊಗಳಿ, ನೆಮ್ಮದಿಯಿಂದ ಮನೆಗೆ ಹೋಗಿ ಮಲಗುತ್ತದೆ.

ಶುಶ್ರೂಷಕಿಯರಿಗೆ ನಿಯಮಗಳೇ ಇಲ್ಲವೆಂದು ಯಾರೂ ತಿಳಿಯಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1977ರಲ್ಲೇ ಅವರಿಗಾಗಿ ಒಂದು ಒಡಂಬಡಿಕೆಯನ್ನೂ ಅದರ ಜೊತೆಗೆ ಒಂದು ಶಿಫಾರಸನ್ನೂ ಹೊರಡಿಸಿದೆ. ಓವರ್‌ಟೈಮ್ ಸೇರಿದಂತೆ ದಿನದ ಕೆಲಸ ಹನ್ನೆರಡು ಗಂಟೆ ಮೀರಬಾರದು, ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಹನ್ನೆರಡು ಗಂಟೆಯ ಬಿಡುವಿರಬೇಕು ಎಂದು ಆ ಶಿಫಾರಸು ಸ್ಪಷ್ಟವಾಗಿ ಹೇಳುತ್ತದೆ. ಶಿಫಾರಸು ಎಂದರೆ ಪಾಲಿಸಿದರೆ ಸಂತೋಷ, ಪಾಲಿಸದಿದ್ದರೆ ಬೇಸರವಿಲ್ಲ ಎಂಬ ಜಾತಿಯ ಕಾಗದ. ಆಸ್ಪತ್ರೆಗಳು ಅದಕ್ಕೆ ಬೇಸರವಾಗದಂತೆ ನಡೆದುಕೊಂಡು ಬಂದಿವೆ.

ಓವರ್‌ಟೈಮ್ ಅನಿರೀಕ್ಷಿತವಾಗಿ ಬಂದೆರಗುತ್ತದೆ ಎಂಬುದು ಆಡಳಿತದವರ ವಾದ. ಆದರೆ ತಿಂಗಳ ರೋಸ್ಟರ್ ತಿಂಗಳು ಹುಟ್ಟುವ ಮೊದಲೇ ಗೋಡೆಗೆ ಬೀಳುತ್ತದೆ. ಎಂಟು ಜನ ಬೇಕಾದ ವಾರ್ಡಿಗೆ ಐವರ ಹೆಸರು ಬರೆದು, ಆ ಐವರಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರ ಮನೆಯಲ್ಲೂ ಮದುವೆ ಸಾವುಗಳಾಗುವುದಿಲ್ಲ, ಯಾರೂ ಬಸುರಿಯಾಗುವುದಿಲ್ಲ ಎಂಬ ಗಾಢವಾದ ನಂಬಿಕೆಯ ಮೇಲೆ ಅದನ್ನು ಸಿದ್ಧಪಡಿಸಿರುತ್ತಾರೆ. ಮೊದಲ ವಾರದಲ್ಲೇ ಒಬ್ಬಳಿಗೆ ಜ್ವರ ಬಂದಾಗ ಎಲ್ಲರಿಗೂ ಆಶ್ಚರ್ಯವಾಗುತ್ತದೆ. ಹೀಗೆ ಪ್ರತಿ ತಿಂಗಳೂ, ಪ್ರತಿ ವಾರವೂ ತಪ್ಪದೆ ಆಶ್ಚರ್ಯಪಡುವ ಸಾಮರ್ಥ್ಯ ಚಿಕ್ಕ ಮಕ್ಕಳನ್ನು ಬಿಟ್ಟರೆ ಆಡಳಿತಾಧಿಕಾರಿಗಳಲ್ಲಿ ಮಾತ್ರ ಉಳಿದಿದೆ.

ಪಾಳಿ ಮುಗಿಯುವ ಹೊತ್ತಿಗೆ ಹ್ಯಾಂಡೋವರ್ ತೆಗೆದುಕೊಳ್ಳಬೇಕಾದವಳು ಬರುವುದಿಲ್ಲ. ಅವಳ ಬದಲಿಗೆ ಫೋನ್ ಬರುತ್ತದೆ. “ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್, ನಿಮ್ಮನ್ನ ಬಿಟ್ರೆ ಯಾರಿದಾರೆ” ಎಂಬ ಆ ಮಾತಿನಲ್ಲಿ ಆಜ್ಞೆಯಿಲ್ಲ, ಬೆದರಿಕೆಯಿಲ್ಲ, ಲಿಖಿತ ಆದೇಶವಂತೂ ಮೊದಲೇ ಇಲ್ಲ. ಬೇರೊಬ್ಬರಿಗೆ ಒಪ್ಪಿಸದೆ ರೋಗಿಗಳನ್ನು ಬಿಟ್ಟು ಹೊರಡುವುದು ವೃತ್ತಿಧರ್ಮಕ್ಕೆ ಬಗೆವ ದ್ರೋಹ ಎಂಬುದನ್ನು ಅವಳಿಗೆ ಕಾಲೇಜಿನಲ್ಲೇ ಕಲಿಸಿದ್ದಾರೆ. ಆದ್ದರಿಂದ ವಾರ್ಡಿನ ಬಾಗಿಲಿಗೆ ಬೀಗ ಹಾಕುವ ಖರ್ಚು ಕೂಡ ಆಡಳಿತಕ್ಕೆ ಉಳಿಯುತ್ತದೆ. ಅವಳ ಆತ್ಮಸಾಕ್ಷಿಯೇ ಕಾವಲುಗಾರ, ಅದಕ್ಕೆ ಸಂಬಳವೂ ಇಲ್ಲ, ವಾರದ ಆಫ್ ಕೂಡ ಇಲ್ಲ.

ಈಗ ರಾತ್ರಿ ಹತ್ತು ಗಂಟೆಯೆಂದು ಇಟ್ಟುಕೊಳ್ಳೋಣ. ಬೆಳಗಿನ ಪಾಳಿಗೆಂದು ಐದಕ್ಕೆ ಎದ್ದವಳು ಹದಿನೇಳು ಗಂಟೆಗಳಿಂದ ಎಚ್ಚರವಾಗಿದ್ದಾಳೆ. ಅಷ್ಟು ಹೊತ್ತು ನಿದ್ದೆಯಿಲ್ಲದವರ ಕೈಚಳಕ ಮತ್ತು ಗಮನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಅನೇಕ ದೇಶಗಳಲ್ಲಿ ಆ ಮಟ್ಟದ ಮದ್ಯಸಾರದೊಂದಿಗೆ ಕಾರು ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ಅವಳು ಕಾರು ಓಡಿಸುತ್ತಿಲ್ಲ, ಬರೀ ಇನ್ಸುಲಿನ್ ಎಳೆಯುತ್ತಿದ್ದಾಳೆ. ಸಿರಿಂಜಿನ ಸಣ್ಣ ಗೆರೆಗಳನ್ನು ದೀಪಕ್ಕೆ ಹಿಡಿದು ಎಣಿಸುತ್ತಾಳೆ, ಎಣಿಸಿದ್ದು ಮರೆತುಹೋಗಿ ಮತ್ತೆ ಎಣಿಸುತ್ತಾಳೆ. ಇಂಥ ಅಪಾಯದ ಔಷಧಿಯನ್ನು ಕೊಡುವ ಮುನ್ನ ಎರಡನೆಯ ಶುಶ್ರೂಷಕಿಯೊಬ್ಬಳು ಸ್ವತಂತ್ರವಾಗಿ ಪರೀಕ್ಷಿಸಿ ಸಹಿ ಹಾಕಬೇಕೆಂಬ ನಿಯಮ ಔಷಧಿಯ ಕಪಾಟಿನ ಮೇಲೆ ಲ್ಯಾಮಿನೇಟ್ ಆಗಿ ಅಂಟಿಕೊಂಡಿದೆ. ಎರಡನೆಯವಳು ಪಕ್ಕದ ವಾರ್ಡಿನಲ್ಲಿ ಒಬ್ಬಳೇ ಇದ್ದಾಳೆ, ಅವಳ ಔಷಧಿಗೂ ಎರಡನೆಯವಳು ಬೇಕಾಗಿದ್ದಾಳೆ. ಬೆಳಗಿನ ಜಾವ ಇಬ್ಬರೂ ಪುಸ್ತಕ ಅದಲುಬದಲು ಮಾಡಿಕೊಂಡು, ತಾವು ಕಾಣದ ಸಿರಿಂಜುಗಳಿಗೆ ಸಾಲಾಗಿ ಸಹಿ ಹಾಕುತ್ತಾರೆ. ತಪಾಸಣೆಗೆ ಬಂದವರಿಗೆ ಪುಸ್ತಕ ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ.

ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಪಾಳಿಯಲ್ಲಿ ಶುಶ್ರೂಷಕಿಯರಿಂದ ತಪ್ಪಾಗುವ ಸಂಭವ ಮೂರು ಪಟ್ಟು ಹೆಚ್ಚುತ್ತದೆಂದು ಅಮೆರಿಕದ ಆಸ್ಪತ್ರೆಗಳ ಶುಶ್ರೂಷಕಿಯರೇ ಬರೆದಿಟ್ಟ ದಿನಚರಿಗಳನ್ನು ಆಧರಿಸಿದ ಅಧ್ಯಯನವೊಂದು 2004ರಲ್ಲಿ ತಿಳಿಸಿತು. ಇದಕ್ಕೆ ಆಡಳಿತಗಳು ಕಂಡುಕೊಂಡ ಪರಿಹಾರವೆಂದರೆ ಕಾರ್ಯಾಗಾರ. ವಿಷಯ: ಒತ್ತಡ ನಿರ್ವಹಣೆ. ಸಮಯ: ನೈಟ್ ಡ್ಯೂಟಿ ಮುಗಿದ ಕೂಡಲೇ, ಏಕೆಂದರೆ ಎಲ್ಲರೂ ಒಟ್ಟಿಗೆ ಸಿಗುವುದು ಆಗ ಮಾತ್ರ. ಹಾಜರಾತಿ ಕಡ್ಡಾಯ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ತರಬೇತುದಾರರು ಹೇಳಿದ ಮೊದಲ ನಿಮಿಷದಲ್ಲೇ ಅರ್ಧ ಸಭಾಂಗಣ ನಿದ್ದೆಹೋಗುತ್ತದೆ. ಕಾರ್ಯಾಗಾರ ಅತ್ಯಂತ ಪರಿಣಾಮಕಾರಿಯಾಗಿತ್ತೆಂದು ವರದಿಯಾಗುತ್ತದೆ.

ಇನ್ನು ಮೇ 12. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನದಂದು ಎಲ್ಲ ಕಡೆಯೂ ದೀಪ ಹಚ್ಚಲಾಗುತ್ತದೆ, ತ್ಯಾಗದ ಬಗ್ಗೆ ತ್ಯಾಗ ಮಾಡದವರು ಮಾತನಾಡುತ್ತಾರೆ. ಆಕೆ ದೀಪ ಹಿಡಿದು ತಿರುಗಿದ್ದು ನಿಜ. ಆದರೆ ಆಕೆ ಅಂಕಿಅಂಶಗಳ ಮಹಾ ಪಂಡಿತೆಯೂ ಆಗಿದ್ದಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದಲೇ ಸತ್ತರೆಂದು ಲೆಕ್ಕ ಸಮೇತ ಚಿತ್ರ ಬರೆದು ಸರ್ಕಾರದ ಮುಖಕ್ಕೆ ಹಿಡಿದವಳು, ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ 1858ರಲ್ಲಿ ಆಯ್ಕೆಯಾದ ಮೊದಲ ಮಹಿಳೆ. ಆ ಲೆಕ್ಕದ ಪುಸ್ತಕವನ್ನು ಮಾತ್ರ ಯಾವ ಸಮಾರಂಭದಲ್ಲೂ ಬೆಳಗಿಸುವ ಪದ್ಧತಿಯಿಲ್ಲ. ದೀಪದಿಂದ ಫೋಟೋ ಚೆನ್ನಾಗಿ ಬರುತ್ತದೆ, ಲೆಕ್ಕದಿಂದ ಹೊಸ ನೇಮಕಾತಿ ಮಾಡಬೇಕಾಗಿ ಬರುತ್ತದೆ. ಆಕೆಯ ಇನ್ನೂರನೆಯ ಹುಟ್ಟುಹಬ್ಬದ ವರ್ಷವಾದ 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ಶುಶ್ರೂಷಕಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತು. ಜಗತ್ತಿಗೆ ಇನ್ನೂ 59 ಲಕ್ಷ ಶುಶ್ರೂಷಕಿಯರು ಬೇಕು ಎಂಬ ವರದಿಯೂ ಅದೇ ವರ್ಷ ಬಂತು. ಜನ ಬಾಲ್ಕನಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೂ ಅದೇ ವರ್ಷ. ಮೂರರಲ್ಲಿ ಅತಿ ಅಗ್ಗವಾದದ್ದು ತಕ್ಷಣ ಜಾರಿಗೆ ಬಂತು.

ಇಷ್ಟೆಲ್ಲದರ ನಡುವೆ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಈ ವೃತ್ತಿಯ ಬರವಣಿಗೆಯ ಶಿಸ್ತು. ಬರೆಯದಿದ್ದರೆ ಮಾಡಿಲ್ಲವೆಂದೇ ಅರ್ಥ ಎಂಬುದು ಶುಶ್ರೂಷಕಿಗೆ ಮೊದಲ ವರ್ಷದಲ್ಲೇ ಕಲಿಸುವ ಸೂತ್ರ. ಬಿ.ಪಿ. ಎಷ್ಟು, ಮೂತ್ರ ಎಷ್ಟು ಮಿಲಿಲೀಟರ್, ಡ್ರಿಪ್ ಹಾಕಿದ್ದೆಷ್ಟಕ್ಕೆ, ತೆಗೆದಿದ್ದೆಷ್ಟಕ್ಕೆ, ರೋಗಿಯನ್ನು ಮಗ್ಗುಲು ಬದಲಿಸಿದ್ದು ಯಾವಾಗ, ಎಲ್ಲವನ್ನೂ ಗಂಟೆ ನಿಮಿಷ ಸಹಿತ ಬರೆಯಬೇಕು. ಬರೆಯಬಾರದ ಒಂದೇ ಒಂದು ಸಂಗತಿಯೆಂದರೆ ಅವಳು ಎಷ್ಟು ಹೊತ್ತು ಕೆಲಸ ಮಾಡಿದಳು ಎಂಬುದು. ಬರುವಾಗ ಐದು ನಿಮಿಷ ತಡವಾದರೆ ಬಯೋಮೆಟ್ರಿಕ್ ಯಂತ್ರ ಅವಳ ಬೆರಳನ್ನು ಕೂಡಲೇ ಗುರುತಿಸುತ್ತದೆ, ಸಂಬಳವೂ ಕಡಿತವಾಗುತ್ತದೆ. ಹೋಗುವಾಗ ಮಾತ್ರ ಪಾಳಿಯ ಸಮಯಕ್ಕೆ ಸರಿಯಾಗಿ ಪಂಚ್ ಔಟ್ ಮಾಡಿ ಮತ್ತೆ ಒಳಗೆ ಬಂದು ಕೆಲಸ ಮುಂದುವರಿಸಬೇಕು. ಓವರ್‌ಟೈಮ್ ಮಂಜೂರಾತಿಗೆ ಮುಂಚಿತ ಅನುಮತಿ ಬೇಕು, ಅನುಮತಿ ಕೊಡುವವರು ಐದು ಗಂಟೆಗೇ ಮನೆಗೆ ಹೋಗಿರುತ್ತಾರೆ. ಹೆಚ್ಚು ದುಡಿದದ್ದಕ್ಕೆ ಬದಲಿ ರಜೆ, ಅಂದರೆ ಕಾಂಪ್ ಆಫ್, ಕೊಡುತ್ತೇವೆಂಬ ಮಾತಿದೆ, ಆದರೆ ಅದನ್ನು ತೆಗೆದುಕೊಳ್ಳಲು ಇನ್ನೊಬ್ಬಳು ಡಬಲ್ ಡ್ಯೂಟಿ ಮಾಡಬೇಕಾಗುತ್ತದೆ.

ಒಂದು ದಿನ ಸಿರಿಂಜಿನ ಗೆರೆ ತಪ್ಪುತ್ತದೆ. ರೋಗಿಯ ಪುಣ್ಯ, ಅನಾಹುತವಾಗುವುದಿಲ್ಲ. ವಿಚಾರಣಾ ಸಮಿತಿ ಮಾತ್ರ ಕೂರುತ್ತದೆ. ರಾತ್ರಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ತಾವು ಎಷ್ಟು ಯೂನಿಟ್ ಕೊಟ್ಟಿರಿ ಎಂದು ಸಮಿತಿ ಕೇಳುತ್ತದೆ. ಬೆಳಿಗ್ಗೆ ಏಳರಿಂದ ಡ್ಯೂಟಿಯಲ್ಲಿದ್ದೆ ಎಂದು ಅವಳು ಹೇಳಿಕೊಂಡರೆ, ಸಮಿತಿಯ ಸದಸ್ಯರು ಹಾಜರಿ ದಾಖಲೆ ತರಿಸಿ ಕನ್ನಡಕ ಏರಿಸಿ ನೋಡುತ್ತಾರೆ. ಅದರ ಪ್ರಕಾರ ಅವಳು ಮಧ್ಯಾಹ್ನ ಎರಡು ಗಂಟೆಗೇ ಮನೆಗೆ ಹೋಗಿದ್ದಾಳೆ. ಆದ್ದರಿಂದ ದಣಿವಿನ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿ, ಆ ರಾತ್ರಿ ವಾರ್ಡಿನಲ್ಲಿ ಇರಲೇ ಇಲ್ಲದ ಸಿಸ್ಟರಿಗೆ, ಆ ರಾತ್ರಿ ವಾರ್ಡಿನಲ್ಲಿ ಮಾಡಿದ ತಪ್ಪಿಗಾಗಿ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಮೆಮೊ ಹೊರಡಿಸುತ್ತದೆ. ವಿವರಣೆಯನ್ನು ಡ್ಯೂಟಿಯ ಅವಧಿಯಲ್ಲಿ ಬರೆಯತಕ್ಕದ್ದಲ್ಲ ಎಂಬ ಷರಾ ಕೆಳಗಿರುತ್ತದೆ.